ಸಕ್ರವ್ವನ ಎಡಗಣ್ಣು

ಸಕ್ರವ್ವ ಇಳಕಲ್ಲಿನ ಠಾಣೆಯ ಮೆಟ್ಟಿಲು ಹತ್ತಿದ್ದು ಇದು ಎರಡನೆಯ ಸಲ.

ಹಿಂದಿನ ತಿಂಗಳು ಬಂದಾಗ ಕೆಲಸ ಸಣ್ಣದಿತ್ತು. ಅವಳ ಸರಕಾರಿ ಆರೋಗ್ಯ ಕಾರ್ಡು ಕಳೆದುಹೋಗಿತ್ತು. ಹೊಸದು ಬೇಕಾದರೆ ಪೊಲೀಸರಿಂದ ಒಂದು ಚೀಟಿ ತರಬೇಕೆಂದು ಕಾರ್ಡು ಮಾಡಿಕೊಡುವವರು ಹೇಳಿ ಕಳಿಸಿದ್ದರು. ಮಹಿಳಾ ಕಾನ್‌ಸ್ಟೇಬಲ್ ತಬಸುಮ ಕಂಪ್ಯೂಟರಿನ ಮುಂದೆ ಕೂತು ಹೆಸರು, ವಯಸ್ಸು, ಓಣಿ ಎಲ್ಲ ಕೇಳಿ, "ಗಂಡನ ಹೆಸರು?" ಎಂದಾಗ ಗಾಡಿ ಅಲ್ಲಿಗೇ ನಿಂತಿತು.

"ಅದನ್ನೇನ್ ಕೇಳ್ತೀ ತಂಗಿ, ಓಣಿಗೆಲ್ಲಾ ಗೊತ್ತೈತಿ."

"ಓಣಿಗೆ ಗೊತ್ತಿದ್ರ ಆತೇನ್ ಯವ್ವಾ? ಕಂಪ್ಯೂಟರಿಗೆ ಗೊತ್ತಾಗಬೇಕಲ್ಲ."

ಸಕ್ರವ್ವ ಗೋಡೆ ನೋಡಿದಳು, ಕ್ಯಾಲೆಂಡರ್ ನೋಡಿದಳು. ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳಿ ಅವಳಿಗೆ ರೂಢಿಯಿಲ್ಲ. ಕೊನೆಗೆ ಸೆರಗು ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ಹೇಳುವಂತೆ ಒಡಪು ಕಟ್ಟಿಯೇಬಿಟ್ಟಳು:

"ಇಳಕಲ್ಲ ಸೀರಿಗೆ ಛಂದ ಕೆಂಪು ಸೆರಗ, ಈರಪ್ಪನವರ ಹೆಸರ ಹೇಳ್ತೇನಿ ಪೊಲೀಸ್ ಕಚೇರಿ ಒಳಗ."

ಇಡೀ ಠಾಣೆ ನಕ್ಕಿತ್ತು. ಒಳಗಿನ ಕೋಣೆಯಲ್ಲಿದ್ದ ಪಿಎಸ್ಐ ನಾಗಲಿಂಗ ಕಮತಗಿ ಕೂಡ ನಕ್ಕಿದ್ದ. ಅವನಿಗೆ ತನ್ನ ಅವ್ವ ನೆನಪಾಗಿದ್ದಳು. ಅಮೀನಗಡದ ಸಂತೆಯ ಗದ್ದಲದಲ್ಲಿ ಅಪ್ಪ ಕಾಣದಾದಾಗ ಅವಳು ಹೆಸರು ಹಿಡಿದು ಕೂಗಿರಲಿಲ್ಲ. "ಏ ನಾಗ್ಯಾನ ಅಪ್ಪಾ!" ಎಂದು ಕೂಗಿದ್ದಳು. ಬೇರೆ ಬೇರೆ ನಾಗ್ಯಾಗಳ ಅಪ್ಪಂದಿರೆಲ್ಲ ತಿರುಗಿ ನೋಡಿದ್ದರು.

ಈ ಸಲ, 2025ರ ನವೆಂಬರ್ 12, ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಂದ ಸಕ್ರವ್ವನ ಮುಖದಲ್ಲಿ ನಗೆ ಇರಲಿಲ್ಲ. ಕೈಯಲ್ಲಿ ಹೊಸ ಕಾರ್ಡು ಇತ್ತು.

"ಕಾರ್ಡು ಬಂತಲ್ಲವ್ವಾ, ಮತ್ತೇನಾತು?" ನಾಗಲಿಂಗ ಕೇಳಿದ.

"ಕಾರ್ಡು ಬಂತ್ರಿ, ಕಣ್ಣು ಹೋತು. ಬಾಗಲಕೋಟಿ ದವಾಖಾನ್ಯಾಗ ನನ್ನ ಎಡಗಣ್ಣಿನ ಆಪರೇಶನ್ ಶ್ರಾವಣದಾಗs ಆಗೇತಿ ಅಂತಾರ. ಇನ್ನೊಮ್ಮೆ ಮಾಡಾಕ ಬರೂದಿಲ್ಲಂತ."

"ಆಗೇತೇನು?"

"ಆಗಿದ್ರ, ಸಾಯೇಬ್ರಿಗೆ ಮೀಸಿ ಅದಾವೋ ಇಲ್ಲೋ ಅಂತ ಹೇಳತಿದ್ದಿಲ್ಲೇನ್ರಿ ನಾ?"

ನಾಗಲಿಂಗ ತನ್ನ ದಪ್ಪ ಮೀಸೆ ಮುಟ್ಟಿಕೊಂಡು ಎದ್ದು ಹತ್ತಿರ ಬಂದು ನೋಡಿದ. ಅವಳ ಎಡಗಣ್ಣಿನ ಪಾಪೆಯ ಮೇಲೆ ಮೊಸರಿನ ಕೆನೆಯಂಥ ಪೊರೆ ಹಾಗೇ ಕೂತಿತ್ತು. ಡಾಕ್ಟರಿಗೂ ಅದು ಕಂಡಿತ್ತಂತೆ. ಆದರೆ ಕಂಪ್ಯೂಟರಿನಲ್ಲಿ ಆ ಕಣ್ಣಿನ ಲೆಕ್ಕ ಮುಗಿದಿತ್ತು. ಪೊಲೀಸರ ಕಾಗದ ಬಂದರೆ ಮಾತ್ರ ತಿದ್ದುತ್ತೇವೆ ಎಂದಿದ್ದರು.

ಸಕ್ರವ್ವನದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಬೆರಳಲ್ಲಿ ಕೂಡಿಸಬೇಕು. ಬಲಗಣ್ಣು ಮೊದಲೇ ಮಂದ. ದೀಪಾವಳಿಯಲ್ಲಿ ಅವಳು ಕೂಡಿಸಿದ ಒಂದು ಸೆರಗು ನಡುವೆ ಎಳೆ ತಪ್ಪಿ ಹಾಳಾಗಿತ್ತು.

"ಕಣ್ಣು ತೋರಿಸ್ಕೊಂಡು ಬಾ, ಅಲ್ಲಿತನಕಾ ಬರಬ್ಯಾಡ ಅಂದಾರ್ರಿ ಮಗ್ಗದವ್ರು. ಸಣ್ಣಾಕಿ ಇದ್ದಾಗಿಂದ ಇದನ್ನs ಮಾಡೇನಿ. ಮತ್ತೇನು ಬರ್ತೈತಿ ನನಗ?"

ತಬಸುಮ ದೂರು ಬರೆದುಕೊಂಡಳು. ಸಕ್ರವ್ವ ಕೋಂ ಈರಪ್ಪ ಗುಳೇದ, ಸಾಕಿನ್ ಇಳಕಲ್. ಬೇರೊಬ್ಬರ ಹೆಸರು ಹೇಳಿ ಮೋಸ ಮಾಡಿದ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

"ಯಾರ ಮ್ಯಾಲರ ಸಂಶಯ?"

"ಸಂಶಯ ಯಾಕ್ರಿ, ಖಾತ್ರಿ ಐತಿ. ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ ನೀಲವ್ವ. ಶ್ರಾವಣದಾಗ ಕಣ್ಣಿಗೆ ಕರೀ ಚಾಳೀಸು ಹಾಕ್ಕೊಂಡು ಸಿನೆಮಾದಾಕಿ ಹಂಗ ಓಣಿ ತುಂಬ ಅಡ್ಡಾಡಿದ್ಲು. ನಮ್ಮೆರಡು ಮನಿಗೆ ಒಂದs ಗ್ವಾಡಿ. ಕಾರ್ಡು ಹಾರಸೂದು ಎಷ್ಟೊತ್ತಿನ ಮಾತು?"

"ಕಾರ್ಡು ಕಡೀಕ ನೋಡಿದ್ದು ಯಾವಾಗ?"

"ನಾಗರ ಅಮಾಸಿಗಿ ಮಹಾಕೂಟಕ್ಕ ಹೋಗೂಮುಂದ. ಬಸ್ಸಿನ್ಯಾಗ ಯಾವ ಕಾರ್ಡು ಕೇಳ್ತಾರೋ ಅಂತ ಆಧಾರೂ ಇದೂ ಎರಡೂ ಗಂಟಿನ್ಯಾಗ ಕಟಗೊಂಡಿದ್ದೆ. ಆಧಾರ್ ತೋರಿಸಿದೆ, ಸಾಕಾತು. ಇದರ ನೆನಪು ಕಣ್ಣು ತೋರಸಾಕ ಹೊಂಟಾಗs ಬಂತು."

ಮರುದಿನ ನಾಗಲಿಂಗ ಮತ್ತು ತಬಸುಮ ಜೀಪಿನಲ್ಲಿ ಬಾಗಲಕೋಟೆಗೆ ಹೋದರು. ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ನೋಂದಾಯಿಸುವ ತೃಪ್ತಿ ಎಂಬ ಹುಡುಗಿ ಫೈಲು ತೆಗೆದು ಕೊಟ್ಟಳು. ಫೋಟೋದಿಂದ ಉಪಯೋಗವಾಗಲಿಲ್ಲ. ತಲೆಗೆ ಹಸಿರು ಟೊಪ್ಪಿಗೆ, ಕಣ್ಣಿಗೆ ಪಟ್ಟಿ, ಉಳಿದ ಅರ್ಧ ಮುಖ ಯಾವ ಹಣ್ಣುಮುದುಕಿಯದೂ ಆಗಬಹುದಿತ್ತು.

"ಹೆಬ್ಬೆಟ್ಟು ತಗೊಳ್ಳಲಿಲ್ಲೇನು?"

"ತಗೊಂಡ್ವಿ ಸರ್, ಮಶೀನಿಗೆ ಹತ್ತಲೇ ಇಲ್ಲ. ಬೆರಳ ತುದಿ ಎಲ್ಲಾ ಸುಟ್ಟು ಸುಟ್ಟು ನುಣ್ಣಗಾಗಿದ್ವು. ದುಡಿಯೋ ಮಂದಿದು ಎಷ್ಟೋ ಸಲ ಹತ್ತೂದಿಲ್ಲ. ಕಾರ್ಡು ಇತ್ತಲ್ಲ, ಬಿಟ್ವಿ."

"ಮತ್ತೇನರ ನೆನಪೈತೇನವ್ವಾ ಆಕಿದು?"

ತೃಪ್ತಿ ನಕ್ಕಳು. "ಛಲೋ ನೆನಪದ. ಅವತ್ತ ಬಂದವರೊಳಗ ಗಂಡನ ಹೆಸರು ತಟ್ಟನ ಹೇಳಿದಾಕಿ ಆಕಿ ಒಬ್ಬಾಕಿನs. ಉಳದವರು ಮಗನ್ನ ಕೇಳ್ರಿ, ಸೊಸೀನ್ನ ಕೇಳ್ರಿ ಅಂತ ಒದ್ದಾಡತಿದ್ರು. ಈಕಿ ಸಾಲ್ಯಾಗ ಹಾಜರಿ ಹೇಳಿದಂಗ, 'ಸಕ್ರವ್ವ, ಗಂಡ ಈರಪ್ಪ, ಇಳಕಲ್ಲ' ಅಂದ್ಲು. ಭಾಳ ಧೈರ್ಯದಾಕಿ ಅಂತ ನಾವೆಲ್ಲಾ ಮಾತಾಡಿಕೊಂಡ್ವಿ."

ನಾಗಲಿಂಗ ತಬಸುಮಳನ್ನು ನೋಡಿದ. ಇಬ್ಬರಿಗೂ ಠಾಣೆಯ ಒಡಪು ನೆನಪಾಗಿತ್ತು.

ಹೊರಗೆ ಬಂದಾಗ ತಬಸುಮ ಕೇಳಿದಳು, "ನೀಲವ್ವನ್ನ ಕರಸೂದೇನ್ರಿ ಸರ್?"

"ಬ್ಯಾಡ. ನೀಲವ್ವಗ ಈರಪ್ಪ ಭಾವ ಆಗಬೇಕು. ಭಾವನ ಹೆಸರು ಬಾಯಾಗ ತರ್ತಾಳೇನು? ಆ ಮನಿ ಹೆಣ್ಮಗಳು ಯಾರೇ ಇದ್ರೂ ತಡವರಸತಿದ್ಲು. ಈಕಿಗೆ ಈರಪ್ಪ ಏನೂ ಆಗಬೇಕಾಗಿಲ್ಲ. ಅದಕ್ಕs ಅಷ್ಟು ಸರಳ ಹೇಳ್ಯಾಳ."

"ನಮ್ಮಲ್ಲೂ ಅಷ್ಟs ಸರ್. ನಮ್ಮ ಅಮ್ಮಾ ಇವತ್ತಿಗೂ ನಮ್ಮ ಅಬ್ಬಾಗ 'ಇಲ್ಲಿ ಕೇಳ್ರಿಲ್ಲೆ' ಅಂತಾಳ. ಅದs ಅವರ ಹೆಸರು."

ಆದರೂ ನಾಗಲಿಂಗ ಅಷ್ಟಕ್ಕೇ ಬಿಡಲಿಲ್ಲ. ನೀಲವ್ವ ಕಣ್ಣು ತೋರಿಸಿಕೊಂಡದ್ದು ಎಲ್ಲೆಂದು ಓಣಿಯವರಿಂದ ತಿಳಿದು, ಆ ಹುನಗುಂದದ ಡಾಕ್ಟರಿಗೆ ಫೋನು ಮಾಡಿದ. ಅವಳದು ಬಲಗಣ್ಣಿನ ಆಪರೇಶನ್, ಅವಳದೇ ಹೆಸರಿನಲ್ಲಿ ಆಗಿತ್ತು. ಅವಳ ಮೇಲಿನ ಸಂಶಯ ಅಲ್ಲಿಗೆ ತೀರಿತು.

ಫೈಲಿನಲ್ಲಿದ್ದ ಮೊಬೈಲ್ ನಂಬರು ಬಾದಾಮಿಯ ಆಟೋ ಚಾಲಕ ಮುರ್ತುಜಸಾಬನದು. ಮಧ್ಯಾಹ್ನದ ಹೊತ್ತಿಗೆ ಇವರು ಬಾದಾಮಿಗೆ ಹೋದಾಗ ಅವನು ಬಸ್ ನಿಲ್ದಾಣದ ಎದುರು ಆಟೋದಲ್ಲಿ ಕಾಲು ಚಾಚಿ ಕೂತಿದ್ದ. ಖಾಕಿ ಕಂಡು ಕಾಲು ಒಳಗೆಳೆದುಕೊಂಡ.

"ಸಕ್ರವ್ವ ಯಾರೋ?"

"ಯಾವ ಸಕ್ರವ್ವ ಸಾಯೇಬ್ರ? ನಂಗ ಗೊತ್ತಿಲ್ಲ."

"ಶ್ರಾವಣದಾಗ ಕಣ್ಣಿನ ದವಾಖಾನಿಂದ ಫೋನ್ ಬಂದಿತ್ತಲ್ಲ ನಿನಗ?"

"ಹಾಂ, ಬಂದಿತ್ರಿ. ಸಕ್ರವ್ವಗ ಹನಿ ಬಿಡಾಕ ಹೇಳ್ರಿ ಅಂದ್ರು. ಹೆಸರು ತಪ್ಪು ಬರಕೊಂಡಾರ ಅಂತ ತಿಳಕೊಂಡು ಬಸಲಿಂಗವ್ವಗ ಹೇಳಿದೆ. ಆಕಿಗೆ ಫೋನಿಲ್ಲ, ಮಹಾಕೂಟದಾಗ ರೊಟ್ಟಿ ಮಾರ್ತಾ..." ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಹೊಳೆದು ಅವನು ಬಾಯಿ ಮುಚ್ಚಿದ. ಆಮೇಲೆ ಮೆಲ್ಲಗೆ, "ಸಾಯೇಬ್ರ, ಭಾಳ ಛಲೋ ಹೆಣ್ಮಗಳ್ರಿ ಆಕಿ" ಎಂದ.

"ಕೆಟ್ಟಾಕಿ ಅಂತ ನಾ ಎಲ್ಲಿ ಅಂದೆ? ನಡಿ, ತೋರಸು."

ದಾರಿಯಲ್ಲೇ ನಾಗಲಿಂಗ ಸಕ್ರವ್ವನ ಮಗನ ಫೋನಿಗೆ ಕರೆ ಮಾಡಿ ಅವಳನ್ನು ಒಂದೇ ಮಾತು ಕೇಳಿದ: ಮಹಾಕೂಟದ ಹೊಂಡದಲ್ಲಿ ಜಳಕ ಮಾಡುವಾಗ ಗಂಟು ಎಲ್ಲಿಟ್ಟಿದ್ದಿರಿ?

"ರೊಟ್ಟಿ ಮಾರಾಕಿ ಒಬ್ಬಾಕಿ ಕಡೆ ಇಟ್ಟಿದ್ದೆರಿ," ಸಕ್ರವ್ವ ಹೇಳಿದಳು. "ಯಾಕ್ರಿ, ನೀಲವ್ವನ್ನ ಹಿಡದ್ರೇನು?"

ಮಹಾಕೂಟದಲ್ಲಿ ಆಲದ ಮರದ ನೆರಳಿಗೆ ಬಸಲಿಂಗವ್ವ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಜೋಳದ ರೊಟ್ಟಿ, ಗುರೆಳ್ಳ ಚಟ್ನಿ, ಗಡಿಗೆಯಲ್ಲಿ ಮೊಸರು. ಬಲಗಣ್ಣಿನಲ್ಲಿ ಪೊರೆ ಇತ್ತು, ಎಡಗಣ್ಣು ತಿಳಿಯಾಗಿತ್ತು. ಆ ಎಡಗಣ್ಣಿನಿಂದ ಅವಳು ತಬಸುಮಳ ಖಾಕಿಯನ್ನು ದೂರದಿಂದಲೇ ಗುರುತಿಸಿದಳು. ಏಳಲಿಲ್ಲ, ಓಡಲಿಲ್ಲ. ಬಂದವರಿಗೆ ಎಂದು ಎಲೆಯ ಮೇಲೆ ರೊಟ್ಟಿ ಹಾಕಿದಳು.

ನಾಗಲಿಂಗ ಕೂತು ಒಂದು ತುತ್ತು ಮುರಿದ. "ನಿಮ್ಮ ಹೆಸರೇನವ್ವಾ?"

ಅವಳು ಬಾಯಿಪಾಠ ಒಪ್ಪಿಸಿದಳು. "ಸಕ್ರವ್ವ, ಗಂಡ ಈರಪ್ಪ, ಇಳಕಲ್ಲ."

"ಛಂದ ಹೇಳಿದ್ರಿ. ಈಗ ನಿಮ್ಮ ಗಂಡನ ಹೆಸರು ಹೇಳ್ರಿ."

ರೊಟ್ಟಿಯ ಮೇಲೆ ಅರಿವೆ ಮುಚ್ಚುತ್ತಿದ್ದ ಕೈ ನಿಂತಿತು. ಅವಳು ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ತಲೆ ತಗ್ಗಿಸಿದಳು. ಹೊಂಡದ ಕಡೆಯಿಂದ ನೀರಾಟದ ಸದ್ದು ಬರುತ್ತಿತ್ತು. ನಾಗಲಿಂಗ ಅವಸರ ಮಾಡಲಿಲ್ಲ. ಎಲೆಯ ಮೇಲಿನ ರೊಟ್ಟಿ ಮುಗಿಸಿದ.

"ನಾನs ಮಾಡೇನ್ರಿ," ಬಸಲಿಂಗವ್ವ ಕೊನೆಗೆ ಹೇಳಿದಳು.

ಬುಟ್ಟಿಯ ತಳದಿಂದ, ಕುಪ್ಪಸದ ತುಂಡಿನಲ್ಲಿ ಸುತ್ತಿಟ್ಟ ಕಾರ್ಡನ್ನು ತೆಗೆದು ಅವನ ಮುಂದಿಟ್ಟಳು. ಅದರ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಕದ್ದದ್ದೋ, ಸಿಕ್ಕದ್ದೋ?"

"ಸಿಕ್ಕದ್ರಿ. ಯಾರೋ ಗಂಟು ಬಿಚ್ಚಿ ಕಟಗೊಳ್ಳೂಮುಂದ ಬಿದ್ದಿತ್ತು. ಆವಾಗ ನನಗ ಮಂದಿ ಮಾರಿ ಕಾಣತಿದ್ದಿಲ್ಲ. ಹಂಚಿನ ಮ್ಯಾಲ ರೊಟ್ಟಿ ಹಾಕಾಕ ಹೋಗಿ ಬೆರಳು ಹಾಕತಿದ್ದೆ. ಯಾರದಂತ ಹುಡುಕಲಿ?"

"ಓದಿ ಹೇಳಿದವ್ರು ಯಾರು?"

"ಬಸ್ಸಿನ್ಯಾಗ ಬಾಜೂಕ ಕುಂತಾಕಿ ಒಬ್ಬಾಕಿ ಓದಿದ್ಲು, ಇದು ದವಾಖಾನಿಗೆ ನಡಿಯೋ ಕಾರ್ಡು ಅಂದ್ಲು. ಬಾಗಲಕೋಟಿ ಬರೂತನಕಾ ಬಾಯಾಗ ಅನ್ಕೊಂತ ಹೋದೆ."

"ಮತ್ತ ಯಾಕ ಇಟಗೊಂಡ್ರಿ ಇಷ್ಟು ದಿನ?"

"ಹೊಳ್ಳಿ ಕೊಡಾಕ್ರಿ. ಕಣ್ಣು ಬಂದ ಮ್ಯಾಲೆ ಅಮಾಸಿಗೊಮ್ಮೆ ಈ ಫೋಟೋ ಹಿಡಕೊಂಡು ಹೊಂಡದ ದಂಡೀಗೆ ನಿಂತು ಒಬ್ಬೊಬ್ಬರ ಮಾರಿ ನೋಡೇನಿ. ಆಕಿ ಬರಲೇ ಇಲ್ಲ."

"ನೀವು ತಗೊಂಡದ್ದು ಆಕಿ ಕಣ್ಣಿನ ಪಾಳಿ. ಆಕಿಗೆ ಈಗ ಆಪರೇಶನ್ ಇಲ್ಲ ಅಂತಾರ. ಗೊತ್ತೇನು?"

ಬಸಲಿಂಗವ್ವ ತಲೆ ಎತ್ತಿದಳು. ಇದು ಅವಳಿಗೆ ಗೊತ್ತಿರಲಿಲ್ಲವೆಂದು ನಾಗಲಿಂಗನಿಗೆ ಕೇಳದೆಯೇ ತಿಳಿಯಿತು.

"ತೋರಿಸಿದ್ರ ಕಾರ್ಡು ಸವೀತೈತೇನ್ರಿ?" ಎಂದಳು. "ಬಸ್ಸಿನ್ಯಾಗ ದಿನಾ ತೋರಸ್ತಾರ. ಸವಿಯೂದಿಲ್ಲಲ್ಲ ಅಂತ ತಿಳಕೊಂಡಿದ್ದೆ."

ಇಬ್ಬರು ಪಂಚರ ಸಮಕ್ಷಮ ಕಾರ್ಡು ಜಪ್ತಿಯಾಯಿತು. ಪಂಚನಾಮೆಗೆ ಮುರ್ತುಜಸಾಬ ಸಹಿ ಮಾಡಿದ, ಹೂ ಮಾರುವವಳು ಹೆಬ್ಬೆಟ್ಟು ಒತ್ತಿದಳು. ಬಸಲಿಂಗವ್ವನನ್ನು ಬಂಧಿಸಿರುವುದಾಗಿ ತಬಸುಮ ಹೇಳಿದಾಗ ಅವಳು ಒಂದೇ ಮಾತು ಕೇಳಿದಳು. ಉಳಿದ ರೊಟ್ಟಿ ಜಳಕ ಮಾಡಿ ಬಂದವರಿಗೆ ಕೊಟ್ಟು ಬರಲೇ ಎಂದು. ನಾಗಲಿಂಗ ಕಾದು ನಿಂತ.

ಸಂಜೆ ಹೊತ್ತು ಮುಳುಗುವ ಮುಂಚೆ ಅವರು ಇಳಕಲ್ಲು ತಲುಪಿದರು. ಕಾರ್ಡು ಗುರುತಿಸಲು ಸಕ್ರವ್ವನನ್ನು ಕರೆಸಲಾಗಿತ್ತು. ಅವಳು ಬಸಲಿಂಗವ್ವನ ಹತ್ತಿರಕ್ಕೆ ಬಂದು ಮಸುಕು ಕಣ್ಣಿನಿಂದ ಬಗ್ಗಿ ನೋಡಿದಳು.

"ನೀನೇನು? ನನ್ನ ಗಂಟು ಕಾಯ್ದಾಕಿ?"

"ಹೂಂನ ಯಕ್ಕಾ. ತಪ್ಪಾಗೇತಿ."

"ಲಗ್ನಾದಾಗಿಂದ ಇವತ್ತಿನತನಕಾ ನಾ ಒಮ್ಮಿನೂ ಬರಿದೇ ಹೇಳದ ಹೆಸರನ್ನ ದವಾಖಾನ್ಯಾಗ ಡಂಗುರಾ ಹೊಡದ್ಯಂತಲ್ಲಬೇ? ಅಷ್ಟು ಹುರುಪು ಇದ್ರ ಬಾ, ಮನಿಯಾಗ ಕುಂತಾರ. ಅವರ ಕೆಮ್ಮೂ ನೋಡಕೋ, ಅವರ ಸಿಟ್ಟೂ ನೋಡಕೋ!"

ಬರೆಯುತ್ತಿದ್ದ ಜಮಾದಾರ ಪೆನ್ನು ಕೆಳಗಿಟ್ಟು ನಕ್ಕ. ಬಸಲಿಂಗವ್ವ ನಗಲಿಲ್ಲ. ಸಕ್ರವ್ವನ ಕಾಲು ಮುಟ್ಟಲು ಬಗ್ಗಿದಳು. ಸಕ್ರವ್ವ ಹಿಂದೆ ಸರಿದಳು.

ಅಷ್ಟರಲ್ಲಿ ನಾಗಲಿಂಗ ಎಫ್‌ಐಆರ್ ಮತ್ತು ಪಂಚನಾಮೆಯ ಪ್ರತಿಗಳನ್ನು ಆಸ್ಪತ್ರೆಗೆ ಕಳಿಸಿ, ಫೋನಿನಲ್ಲಿ ತೃಪ್ತಿಯ ಜೊತೆ ಮಾತಾಡಿ ಬಂದ. "ಸಕ್ರವ್ವಾ, ತಪ್ಪು ತಿದ್ದತಾರಂತ. ಸೋಮವಾರ ಹೋಗ್ರಿ, ಮಗನ್ನ ಕರಕೊಂಡು. ಮತ್ತ ಮನಿಗೆ ಹೋಗಿ ಮೊದಲು ನೀಲವ್ವನ್ನ ಮಾತಾಡಸ್ರಿ."

"ಮಾತಾಡಸ್ತೇನಿ ಬಿಡ್ರಿ," ಸಕ್ರವ್ವ ಗೋಡೆಯ ಕಡೆ ನೋಡಿ ಹೇಳಿದಳು. "ಆದ್ರೂ ಆ ಚಾಳೀಸು ಆಕಿಗೆ ಒಪ್ಪೂದಿಲ್ಲ."

ಜಾಮೀನು ಸಿಗುವ ಅಪರಾಧ. ಜೊತೆಯಲ್ಲೇ ಬಂದಿದ್ದ ಮುರ್ತುಜಸಾಬ ಜಾಮೀನಿಗೆ ನಿಂತ. ಉಳಿದದ್ದು ಬಂಧನದ ಕಾಗದ ತುಂಬುವುದಷ್ಟೆ. ತಬಸುಮ ಹೆಸರು, ವಯಸ್ಸು, ಉದ್ಯೋಗ ಬರೆದು, ಗಂಡನ ಹೆಸರಿನ ಜಾಗಕ್ಕೆ ಬಂದು ತಡೆದಳು. ನಾಗಲಿಂಗನೇ ಕೇಳಿದ.

"ಕಾಗದಕ್ಕ ಬೇಕವ್ವಾ. ಒಡಪು ಹಾಕಿಯಾದ್ರೂ ಹೇಳ್ರಿ."

ಬಸಲಿಂಗವ್ವ ಇಲ್ಲವೆಂದು ತಲೆಯಾಡಿಸಿದಳು.

"ನಮ್ಮ ಮನಿಯವ್ರು ಇನ್ನೊಬ್ಬಾಕಿನ್ನ ಮಾಡಿಕೊಂಡ್ರು ಸಾಯೇಬ್ರ. ಭಾಳ ವರ್ಷಾತು. ರೇಷನ್ ಕಾರ್ಡಿನ್ಯಾಗ ನನ್ನ ಹೆಸರು ಹೊಡಸಿ ಆಕಿದು ಹಾಕಸಿದ್ರು. ಆಮ್ಯಾಲೆ ನಾ ಎಲ್ಲಿ ಕಾರ್ಡು ಕೇಳಾಕ ಹೋದ್ರೂ ಗಂಡನ ಮನಿ ಕಾಗದ ತಾ ಅಂದ್ರು. ಅವರು ಕೊಡಲಿಲ್ಲ." ಸೆರಗು ಹೊದ್ದುಕೊಂಡು ಹೇಳಿದಳು, "ಅವರು ನನ್ನ ಹೆಸರು ಹೊಡದಾರಂತ ನಾ ಅವರ ಹೆಸರು ಹಿಡದು ಕರೀಲೇನು? ಅದೊಂದು ನನ್ನ ಕಡೆ ಉಳದೈತಿ."

ತಬಸುಮ ಖಾಲಿ ಬಿಟ್ಟ ಜಾಗಕ್ಕೆ ಪೆನ್ನು ಹಿಡಿದು ನಾಗಲಿಂಗನ ಕಡೆ ನೋಡಿದಳು.

"ನಿಮ್ಮ ಅಪ್ಪನ ಹೆಸರು?" ನಾಗಲಿಂಗ ಕೇಳಿದ.

"ರಾಚಪ್ಪರಿ. ಶಿರೂರು."

"ಅದನ್ನs ಬರಿ," ಎಂದ ತಬಸುಮಳಿಗೆ. ಅವಳು ಬರೆದು, ನಿಯಮದಂತೆ ಗಟ್ಟಿಯಾಗಿ ಓದಿದಳು: "ಬಸಲಿಂಗವ್ವ, ತಂದೆ ರಾಚಪ್ಪ, ಸಾಕಿನ್ ಮಹಾಕೂಟ, ಉದ್ಯೋಗ ರೊಟ್ಟಿ ವ್ಯಾಪಾರ."

"ಇದು ಸರಕಾರಿ ಕಾಗದೇನ್ರಿ?"

"ಹೂಂನ್ರಿ."

"ಇನ್ನೊಮ್ಮೆ ಓದ್ತೀ ಏನವ್ವಾ?"

ತಬಸುಮ ಇನ್ನೊಮ್ಮೆ ಓದಿದಳು. ಬಸಲಿಂಗವ್ವ ಆ ಅಕ್ಷರಗಳ ಮೇಲೆ ಎಡಗಣ್ಣನ್ನು ಹತ್ತಿರ ತಂದು ನೋಡಿದಳು. ಓದಲು ಬರದಿದ್ದರೂ ಬಹಳ ಹೊತ್ತು ನೋಡಿದಳು. ಆಮೇಲೆ ನುಣ್ಣಗಾದ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು. ಕಾಗದದ ಮೇಲೆ ಗೆರೆಗಳಿಲ್ಲದ ಒಂದು ಕರಿ ಬೊಟ್ಟು ಮೂಡಿತು.

ಬಾಗಿಲ ತನಕ ಹೋಗಿದ್ದ ಸಕ್ರವ್ವ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ತಿರುಗಿ ಬಂದಳು. ಸಿಟ್ಟು ಇನ್ನೂ ಪೂರಾ ಇಳಿದಿರಲಿಲ್ಲ. ದನಿ ಬಿರುಸಾಗಿಯೇ ಇತ್ತು.

"ಕಣ್ಣಿಗೆ ಹನಿ ಬಿಡಾಕತ್ತೀಯಿಲ್ಲೋ?"

"ತೀರ್‍ಯಾವ ಯಕ್ಕಾ."

"ತೀರಿದ್ರ ಮತ್ತ ತರಸು. ಹೊಗಿಯಾಗ ಕುಂತು ಕೆಡಿಸಿಗೀಡಿಸಿ ಕುಂತೀ ಮತ್ತ," ಎಂದಳು ಸಕ್ರವ್ವ. "ನೆಟ್ಟಗ ಜ್ವಾಕಿ ಮಾಡು. ಆ ಕಣ್ಣು ನನ್ನ ಹೆಸರಲೆ ಐತಿ."