ಅರ್ಧ ಲೋಟ ನೀರು

ಹನಿಯಜ್ಜನ ಸೊಸೆ ಬಾಗಿಲಲ್ಲಿ ನಿಂತಾಗ ಅಕ್ಕ ಕನ್ನಡಕ ಒರೆಸುತ್ತ ಕೂತಿದ್ದಳು. ಬೀದಿಗೆಲ್ಲ ಅವಳು ಅಕ್ಕನೇ. ಕಳವಾಗಲಿ, ಸಾವಾಗಲಿ, ಬಿಡಿಸಲಾಗದ ಗಂಟು ಬಿದ್ದರೆ ಜನ ಮೊದಲು ತಟ್ಟುತ್ತಿದ್ದದ್ದು ಈ ಬಾಗಿಲನ್ನೇ. ಒಡಹುಟ್ಟಿದ ತಂಗಿಗೆ ಈ ಪತ್ತೇದಾರಿಕೆಯಲ್ಲಿ ಚೀಲ ಹಿಡಿದು ಹಿಂದೆ ನಡೆಯುವ ಕೆಲಸ. ಅದನ್ನು ಆಕೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳಲ್ಲ.

"ಸಂಜೆಯೊಳಗೆ ಪೊಲೀಸರು ನನ್ನನ್ನ ಕರ್ಕೊಂಡು ಹೋಗ್ತಾರಂತೆ ಅಕ್ಕಾ," ಎಂದಳು ಸೊಸೆ. "ಮಾವನ ಜೊತೆ ಜಗಳ ಆಡಿದ್ದು ನಿಜ. ಆದ್ರೆ ನಾನು ಹೊಡೆದಿಲ್ಲ."

ಅವಳ ಮಾವ ನೀರು ಸರಬರಾಜು ಇಲಾಖೆಯಿಂದ ನಿವೃತ್ತರಾದವರು, ಬೀದಿಯವರ ಬಾಯಲ್ಲಿ ಹನಿಯಜ್ಜ. ಹಿಂದಿನ ದಿನ ಬೆಳಿಗ್ಗೆ ಹಿತ್ತಲಿನ ತೋಟದಲ್ಲಿ ತಲೆಯ ಹಿಂಭಾಗ ಒಡೆದು ಸತ್ತು ಬೋರಲು ಬಿದ್ದಿದ್ದರು. ಹೊಡೆದ ವಸ್ತು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ನೆರೆಹೊರೆಯವರ ಮಾತು ಮಾತ್ರ: ಮಾವ ಸೊಸೆ ಹಾವು ಮುಂಗುಸಿ ಇದ್ದ ಹಾಗಿದ್ದರು ಎಂದು. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಗಿತ್ತು.

ಆ ಮನೆಗೆ ಹೋದಾಗ ಸೊಸೆ ಇಬ್ಬರಿಗೂ ನೀರು ತಂದುಕೊಟ್ಟಳು. ಲೋಟದಲ್ಲಿ ಅರ್ಧವೇ ಇತ್ತು. ಕುಡಿದು ಮುಗಿಸುವ ತನಕ ತಂಬಿಗೆ ಹಿಡಿದು ನಿಂತಿದ್ದು, "ಇನ್ನೂ ಬೇಕಾ?" ಎಂದು ಕೇಳಿದಳು. ಅದು ಹನಿಯಜ್ಜನ ಕಟ್ಟಳೆ. ತುಂಬಿಸಿ ಕೊಟ್ಟರೆ ಬಂದವರು ಅರ್ಧ ಕುಡಿದು ಉಳಿದದ್ದನ್ನು ಚೆಲ್ಲಿಸುತ್ತಾರೆ ಎನ್ನುವುದು ಅವರ ಲೆಕ್ಕ. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜಿದವರಿಗೆ ಆ ಮನೆಯಲ್ಲಿ ಉಳಿಗಾಲವಿರಲಿಲ್ಲ. ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ ಹೋಗಬೇಕು.

ತೋಟವೂ ಅವರ ಹಾಗೆಯೇ ಬಿಗಿ. ನೆಲದ ತೇವ ಆರದಂತೆ ಪಾತಿಗಳ ಮೇಲೆಲ್ಲ ಒಣಗಿದ ಎಲೆ ಹೊದಿಸಿದ್ದರು. ಗಿಡಗಳ ಬುಡದಲ್ಲಿ ಮಣ್ಣಿನ ಮಡಕೆ ಹೂತು, ಬಿಸಿಲೇರುವ ಮೊದಲೇ ಅದರೊಳಗೆ ನೀರು ತುಂಬಿಸುತ್ತಿದ್ದರು. ಪಾತಿಗಳ ನಡುವಿನ ದಾರಿ ಕಾಲಿಗೆ ಚುಚ್ಚುವಷ್ಟು ಒಣಗಿತ್ತು. ಆದರೆ ಅವರು ಬಿದ್ದಿದ್ದ ಹಿಂಗೋಡೆಯ ಮೂಲೆಯಲ್ಲಿ ಮಾತ್ರ ಹುಲ್ಲು ಹಸಿರಾಗಿತ್ತು, ತಂಗಿಯ ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ಪಕ್ಕದಲ್ಲಿ ಅಗೆದು ಮುಚ್ಚಿದ ಮಣ್ಣಿನ ಮೇಲೆ ಅಜ್ಜನ ಗುದ್ದಲಿ ಬಿದ್ದಿತ್ತು. ಅದಕ್ಕೆ ರಕ್ತ ತಾಗಿರಲಿಲ್ಲ. ಅವರ ತಲೆ ಇದ್ದ ಜಾಗದ ಎಲೆಗಳ ಮೇಲೆ ಬಿಳಿ ಮರಳಿನ ಕಾಳುಗಳು ಕಂಡವು. ತೋಟದ ಮಣ್ಣು ಕಪ್ಪು.

"ಈ ಮೂಲೆಗೆ ನೀರು ಹಾಕೋರು ಯಾರು?" ಎಂದು ಅಕ್ಕ ಕೇಳಿದಳು.

ಯಾರೂ ಇಲ್ಲ ಎಂದರು ಚಿಕ್ಕಪ್ಪ. ಇವರು ಸತ್ತವರ ತಮ್ಮ, ಅದೇ ಮನೆಯಲ್ಲಿದ್ದವರು. ಗೋಡೆಯಾಚೆ ಹನಿಯಜ್ಜನ ಮಗನ ನೀರಿನ ಟ್ಯಾಂಕರುಗಳು ನಿಲ್ಲುವ ಜಾಗ. ಮಗ ಅಲ್ಲೇ ತಲೆತಗ್ಗಿಸಿ ನಿಂತಿದ್ದ. ಹೆಂಡತಿಯ ಬಗ್ಗೆ ಕೇಳಿದರೆ, ಕಾನೂನು ಹೇಳಿದಂತಾಗಲಿ ಎಂದಷ್ಟೇ ಅಂದ. ತಂಗಿಗೆ ಮೈಯೆಲ್ಲ ಉರಿಯಿತು. ಕೈಹಿಡಿದವಳ ಪರವಾಗಿ ಒಂದು ಮಾತಾಡಲು ಇವನ ಗಂಟೇನು ಹೋಗುತ್ತಿತ್ತು?

ಹಿಂಬಾಗಿಲ ಪಕ್ಕದ ಶೌಚಾಲಯಕ್ಕೆ ಹೋದ ತಂಗಿ ಫ್ಲಷ್ ಒತ್ತಿದವಳು ಬೆಚ್ಚಿಬಿದ್ದಳು. ನೀರು ಕೆಂಪಗಿತ್ತು. ರಕ್ತವೆಂದೇ ತಿಳಿದು ಅಕ್ಕನನ್ನು ಕರೆದಳು. ಅಕ್ಕ ಫ್ಲಷ್ ಟ್ಯಾಂಕಿನ ಮುಚ್ಚಳ ಎತ್ತಿದಳು. ಒಳಗೆ ಸರಿಯಾಗಿ ಬೇಯದ ಒಂದು ಇಟ್ಟಿಗೆ ಅಂಚು ಕರಗುತ್ತ ಕೂತಿತ್ತು. ಅದರ ಒಂದು ಮಗ್ಗುಲಿಗೆ ಕಪ್ಪು ಮೆತ್ತಿತ್ತು. ಉಜ್ಜಿದರೂ ಹೋಗಲಿಲ್ಲ.

ಚಿಕ್ಕಪ್ಪ ಅದನ್ನು ಕಂಡು ಕಣ್ಣರಳಿಸಿದರು. "ಅಣ್ಣ ಇದ್ದಿದ್ರೆ ಮನೆ ತಲೆ ಮೇಲೆ ಹೊತ್ಕೊಳ್ತಿದ್ದ!"

ಬೀದಿಗೆಲ್ಲ ಕೇಳಿಸಿದ ಕೊನೆಯ ಜಗಳ ನಡೆದದ್ದೇ ಇದರಿಂದಂತೆ. ಇಟ್ಟಿಗೆ ಹಿಡಿದ ಜಾಗದಷ್ಟು ನೀರು ಪ್ರತಿ ಸಲ ಉಳಿಯಲಿ, ಮಾವನಿಗೆ ಖುಷಿಯಾಗಲಿ ಎಂದು ಸೊಸೆ ಟ್ಯಾಂಕಿನಲ್ಲಿ ಇಟ್ಟಿಗೆ ಇಟ್ಟಿದ್ದಳು. ಇಟ್ಟಿಗೆ ಕರಗಿ ಪುಡಿ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಇರುವ ನೀರೂ ಸೋರಿಹೋಗುತ್ತದೆ ಎಂದು ಅಜ್ಜ ಕೂಗಾಡಿದ್ದರು. ಚಿಕ್ಕಪ್ಪನೇ ಅದನ್ನು ತೆಗೆದೆಸೆದರು. ಅದರ ಬದಲು ಅಜ್ಜ ಬಾಟಲಿಗೆ ಮರಳು ತುಂಬಿ ಇಟ್ಟರು. ಮಗ ಆಗ ಟ್ಯಾಂಕರಿನೊಂದಿಗೆ ಹೊರಗಿದ್ದ. ಮೊನ್ನೆ ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ಕೆಟ್ಟಾಗ ಬಂದು ಸರಿಮಾಡಿದ್ದ, ಅಷ್ಟೇ.

ಅಕ್ಕ ಇನ್ಸ್‌ಪೆಕ್ಟರನ್ನು ಬದಿಗೆ ಕರೆದು ಏನೋ ಹೇಳಿದಳು. ಪೇದೆಗಳು ಗೋಡೆಯಾಚೆ ಹೋದರು.

ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಸೊಸೆಯ ಎರಡೂ ಪಕ್ಕದಲ್ಲಿ ಮಹಿಳಾ ಪೇದೆಗಳು ನಿಂತಿದ್ದರು. ಅಕ್ಕ ಮರಳಿನಿಂದ ಶುರುಮಾಡಿದಳು. ತೋಟದಲ್ಲಿಲ್ಲದ ಬಿಳಿ ಮರಳು ತಲೆಯ ಹತ್ತಿರ ಬಿದ್ದಿದ್ದರೆ, ಅದು ಹೊಡೆದ ವಸ್ತುವಿನಿಂದಲೇ ಉದುರಿರಬೇಕು. ಮರಳಿನ ಬಾಟಲಿ ಟ್ಯಾಂಕಿನಲ್ಲಿಲ್ಲ, ಅದರ ಜಾಗದಲ್ಲಿ ಇಟ್ಟಿಗೆ ಕೂತಿದೆ. ಬಾಟಲಿ ಇಲ್ಲದೆ ಒಂದು ಮಗ್ಗು ಹೆಚ್ಚು ನೀರು ಸುರಿದರೂ ಪತ್ತೆಹಚ್ಚುವ ಮನೆ ಇದು ಎಂದು ಬಲ್ಲವರೇ ಅದನ್ನು ಇಟ್ಟದ್ದು, ಅಂದರೆ ಮನೆಯವರೇ.

"ಇಟ್ಟಿಗೆ ಇಡಬಾರದು ಅಂತ ಸೊಸೆ ಬೈಸಿಕೊಂಡು ಕಲಿತಿದ್ದಾಳೆ. ಚಿಕ್ಕಪ್ಪನೇ ಅದನ್ನ ತೆಗೆದೆಸೆದವರು. ಇವರಿಬ್ಬರೂ ಮತ್ತೆ ಇಟ್ಟಿಗೆ ಇಡೋರಲ್ಲ. ಟ್ಯಾಂಕಲ್ಲಿ ಬಾಟಲಿ ಇದೆ ಅಂತ ನೋಡಿದ್ದು, ಆದರೆ ಆ ಜಗಳ ಕೇಳದೇ ಇದ್ದದ್ದು ಒಬ್ಬನೇ. ಮೊನ್ನೆ ಫ್ಲೋಟ್ ಸರಿಮಾಡಿದವನು."

ಮಗ ಗೋಡೆಗೆ ಒರಗಿದ.

ಇಟ್ಟಿಗೆಗೆ ಮೆತ್ತಿದ್ದು ಟಯರಿನ ಕಪ್ಪು ಎಂದಳು ಅಕ್ಕ. ಟ್ಯಾಂಕರು ಜಾರದಂತೆ ಚಕ್ರಗಳಿಗೆ ಅಡ್ಡ ಕೊಡುತ್ತಿದ್ದ ಇಟ್ಟಿಗೆಗಳಲ್ಲಿ ಒಂದು ಕಾಣೆಯಾಗಿತ್ತು. ಬಿರುಕುಬಿಟ್ಟ ಬಾಟಲಿ ಅದೇ ಟ್ಯಾಂಕರಿನ ಹೊಟ್ಟೆಯೊಳಗೆ ಪೇದೆಗಳಿಗೆ ಸಿಕ್ಕಿತ್ತು. ಯಾರೂ ನೀರು ಹಾಕದ ಮೂಲೆ ಹಸಿರಾಗಿದ್ದು ಯಾಕೆಂದು ಅಗೆದರೆ, ಬೀದಿಯ ದೊಡ್ಡ ಪೈಪಿನಿಂದ ಟ್ಯಾಂಕರು ನಿಲ್ಲುವ ಜಾಗಕ್ಕೆ ಎಳೆದ ಕಳ್ಳ ಪೈಪೊಂದು ಸೋರುತ್ತಿತ್ತು. ಬೀದಿಯ ನಲ್ಲಿಗಳಲ್ಲಿ ಬರದ ನೀರು ಅಲ್ಲಿಂದ ಟ್ಯಾಂಕರಿಗೆ ತುಂಬಿ ಮಾರಾಟವಾಗುತ್ತಿತ್ತು. ಅಜ್ಜನೂ ಆ ಹಸಿರನ್ನೇ ಹಿಡಿದು ಅಗೆದಿದ್ದರು. ಮಗ ಆ ಗುಂಡಿಯನ್ನು ಮುಚ್ಚಿದ್ದ.

"ಇವತ್ತೇ ಆಫೀಸಿಗೆ ಹೋಗಿ ಹೇಳ್ತೀನಿ ಅಂದ್ರು," ಎಂದ ಮಗ, ಯಾರನ್ನೂ ನೋಡದೆ. "ಕಾಲು ಹಿಡ್ಕೊಂಡೆ. ಕೇಳಲಿಲ್ಲ. ಒಳಗೆ ಹೋಗಿ ಬಾಟಲಿ ತಂದೆ."

ಮಹಿಳಾ ಪೇದೆಗಳು ಸೊಸೆಯ ಪಕ್ಕದಿಂದ ಮೆಲ್ಲಗೆ ಸರಿದರು. ಅವಳು ಬದುಕಿಕೊಂಡಳೆಂದು ತಂಗಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಇಷ್ಟು ಹೊತ್ತೂ ಇವರು ನನ್ನ ಪಕ್ಕ ನಿಂತಿದ್ರು," ಎಂದಳು ಸೊಸೆ ಗಂಡನಿಗೆ. "ನೀವು ನೋಡ್ತಾನೇ ಇದ್ರಿ."

ಕೈಗೆ ಕೋಳ ಬಿದ್ದ ಮೇಲೆ ಅವನು ಗಂಟಲೊಣಗಿದೆ, ನೀರು ಬೇಕು ಎಂದ. ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಸೊಸೆ ಒಳಗೆ ಹೋಗಿ ಲೋಟ ತಂದು, ಕೋಳದ ಕೈಗಳ ನಡುವೆ ಇಟ್ಟಳು. ಅರ್ಧ ಲೋಟ ನೀರು. ಅವನು ಒಂದೇ ಗುಟುಕಿಗೆ ಕುಡಿದು ಮುಗಿಸಿದ. ಅವಳು ತಂಬಿಗೆ ಹಿಡಿದು ಮಾವ ಕಲಿಸಿದಂತೆಯೇ ಎದುರಿಗೆ ನಿಂತಿದ್ದಳು.

"ಇನ್ನೂ ಬೇಕಾ?" ಎಂದು ಕೇಳಿದಳು.

ಅವನು ಖಾಲಿ ಲೋಟ ಹಿಡಿದು ಅಲ್ಲೇ ಕುಸಿದು ಕೂತ. ಪೇದೆಗಳು ಅವನನ್ನು ಎತ್ತಿಕೊಂಡೇ ಹೋಗಬೇಕಾಯಿತು.