ಚುನ್‌ಹ್ವಾ ಅಜ್ಜಿಯ ಗೆರೆ

ಮಾರ್ಚ್ ಹನ್ನೆರಡರ ಬೆಳಿಗ್ಗೆ ಜೇಜು ದ್ವೀಪದ ಪುಟ್ಟ ಠಾಣೆಗೆ ದೂರು ಹೊತ್ತು ಬಂದವಳು ಎಪ್ಪತ್ತೆಂಟರ ಬು ಚುನ್‌ಹ್ವಾ. ಉಸಿರು ಬಿಗಿಹಿಡಿದು ಕಡಲ ತಳದಿಂದ ಚಿಪ್ಪು ತೆಗೆಯುವವಳು.

"ನನ್ನ ಗೆರೆ ಕದೀತಿದಾರೆ, ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಕಾಂಗ್ ತಲೆಯೆತ್ತಿದರು. "ಯಾವ ಗೆರೆ ಅಜ್ಜಿ?"

"ನಮ್ಮ ಮುಳುಗೋರ ಸಂಘದ ಗೋಡೆ ಮೇಲೆ ಟೀವಿಲಿ ಯಾರು ಎಷ್ಟು ತಂದ್ರು ಅಂತ ಬರತ್ತಲ್ಲ, ಅದು. ನಾನು ತಂದಿದ್ದು ಎಂಟು ಕಿಲೋ. ಊಟ ಮಾಡಿ ನೋಡಿದ್ರೆ ಐದು! ಹಿಂಗೇ ಇಳೀತಾ ಹೋದ್ರೆ ನನ್ನನ್ನ ಅಜ್ಜಿಯರ ಕಡಲಿಗೆ ದಬ್ತಾರೆ. ಮೊಣಕಾಲುದ್ದ ನೀರಲ್ಲಿ ಪಾಚಿ ಕೀಳೋಕೆ ನಾನೇನು ಮುದುಕೀನಾ?"

ಮುನ್ ಎಂಬ ಕಾನ್‌ಸ್ಟೇಬಲ್ ಹುಡುಗಿ ನಗು ನುಂಗಿಕೊಂಡು ಎಫ್‌ಐಆರ್ ಬರೆದಳು.

ಮಧ್ಯಾಹ್ನ ಸಂಘದಲ್ಲಿ ಪಂಚನಾಮೆ. ತೂಕವಾದ ಕೂಡಲೇ ಗುಮಾಸ್ತ ಟ್ಯಾಬ್ಲೆಟ್ಟಿನಲ್ಲಿ ಆನ್‌ಲೈನ್ ಶೀಟಿನ ಎರಡು ಹಾಳೆಗಳಿಗೆ ಅಂಕಿ ತುಂಬುತ್ತಾನೆ, ಒಂದು ಗ್ರಾಫಿಗೆ, ಒಂದು ಪಾವತಿಗೆ. ಮೊದಲಿನದನ್ನು ಓದಿಕೊಂಡು ಗೋಡೆಯ ಗ್ರಾಫ್ ತಾನಾಗಿ ಬದಲಾಗುತ್ತದೆ. ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಮುನ್ ಹಳೆಯ ಬದಲಾವಣೆಗಳನ್ನು ತೆರೆದು ನೋಡಿದಳು. ತಿದ್ದಿದ್ದೆಲ್ಲ ಇದೇ ಟ್ಯಾಬ್ಲೆಟ್ಟಿನಿಂದ, ಹೆಂಗಸರು ನೀರಿನಿಂದೆದ್ದು ಬೆಂಕಿ ಕಾಯಿಸಿಕೊಳ್ಳುವ ಹೊತ್ತಿಗೆ.

"ಸರ್, ಗ್ರಾಫಿನ ಹಾಳೇಲಿ ಮಾತ್ರ ಕಡಿಮೆಯಾಗಿದೆ. ಪಾವತಿ ಹಾಳೇಲಿ ಅಜ್ಜಿಗೆ ಪೂರ್ತಿ ಎಂಟು ಕಿಲೋ."

ಕಾಂಗ್ ಅದೇ ದಂಡೆಯಲ್ಲಿ ಹುಟ್ಟಿದವರು, ಮುಳುಗುವವಳ ಮಗ. ಒಬ್ಬಳು ತೆಗೆದ ಚಿಪ್ಪಿಗೆ ಇನ್ನೊಬ್ಬಳು ಕೈಹಚ್ಚಿದ್ದನ್ನು ಅವರು ಕಂಡಿರಲಿಲ್ಲ.

"ಬೇರೆಯವರಾಗಿದ್ರೆ ಎರಡೂ ಕಡೆ ತಿದ್ತಿದ್ರು. ಇದು ಮುಳುಗೋಳ ಕೆಲಸ ಕಣಮ್ಮ."

ಅಂಕಿ ಬದಲಾದರೆ ಮೊಬೈಲಿಗೆ ಸಂದೇಶ ಬರುವಂತೆ ಮುನ್ ಏರ್ಪಾಟು ಮಾಡಿದಳು. ಹದಿನೈದರಂದು ಇಬ್ಬರೂ ಸಂಘದ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾಗ ಸಂದೇಶ ಬಂತು. ಕಾಂಗ್ ಒಳನುಗ್ಗಿದರು. ಟ್ಯಾಬ್ಲೆಟ್ಟಿನ ಮುಂದೆ ಬೆರಳು ಒರೆಸಿಕೊಳ್ಳುತ್ತ ನಿಂತಿದ್ದವಳು ಯಾಂಗ್ ಮ್ಯೊಂಗ್ಜಾ, ಕಡಲಿನಲ್ಲಿ ಚುನ್‌ಹ್ವಾಳ ಜೊತೆಗಾತಿ.

"ಏನ್ ಮಾಡಿದ್ರಿ?"

"ಏಳನ್ನ ನಾಲ್ಕು ಮಾಡ್ದೆ."

"ಯಾಕೆ?"

ಉತ್ತರಕ್ಕೆ ಮೊದಲೇ ಬೆಂಕಿಯ ಬಳಿಯಿಂದ ಚುನ್‌ಹ್ವಾ ಧಾವಿಸಿ ಬಂದಳು. "ನೀನಾ? ಮೂವತ್ತು ವರ್ಷ ಹಾವಿಗೆ ಹಾಲೆರೆದ್ನಲ್ಲೇ!"

"ಬೈಯಿ ಅಕ್ಕ. ಮೇಲೆ ಬಂದಾಗ ನಿನ್ನ ಸಿಳ್ಳೆ ಕೇಳ್ತಾನೇ ಇಲ್ಲ." ತಡೆದ ಉಸಿರು ನೀರ ಮೇಲೆ ಸಿಳ್ಳೆಯಾಗಿ ಹೊರಬರಬೇಕು, ಪಕ್ಕದವಳಿಗೆ ಧೈರ್ಯ ಅದೇ. "ತುಟಿ ನೀಲಿಗಟ್ಟಿರತ್ತೆ. ನಿನಗೆ ಹೇಳಿದ್ರೆ ಕಿವಿಗೆ ಹಾಕ್ಕೊಳ್ಳಲಿಲ್ಲ. ಸಭೇಲಿ ಹೇಳಿದ್ರೆ ನಿನ್ನ ಮಾನ ಹೋಗ್ತಿತ್ತು. ಗೆರೆ ಇಳಿದು ಅಜ್ಜಿಯರ ಕಡಲಿಗೆ ಹಾಕಿದ್ರೆ ಗೆರೆ ಮೇಲೆ ಸಿಟ್ಟಾಗ್ತೀಯ, ಅಷ್ಟೇ ತಾನೆ."



ಕಾಂಗ್ ದಸ್ತಗಿರಿ ಎಂದೊಡನೆ ಮ್ಯೊಂಗ್ಜಾ ತಾನೇ ಹೋಗಿ ಪೊಲೀಸ್ ಕಾರಿನಲ್ಲಿ ಕೂತಳು. ಚುನ್‌ಹ್ವಾ ಒಣ ಅಂಗಿಯೊಂದನ್ನು ತಂದು ಅವಳ ಹೆಗಲಿಗೆ ಹೊದಿಸಿ, ಪಕ್ಕದಲ್ಲೇ ಹತ್ತಿ ಕೂತಳು.

"ಅಜ್ಜಿ, ನೀವು ದೂರುದಾರರು. ಇಳೀರಿ," ಎಂದರು ಕಾಂಗ್.

"ಸುಮ್ನೆ ಗಾಡಿ ಬಿಡಪ್ಪ. ಇವಳನ್ನ ಸಂಜೆಯೊಳಗೆ ಕಳಿಸು. ನಾಳೆ ಅಜ್ಜಿಯರ ಕಡಲಿಗೆ ನಾನೊಬ್ಬಳೇ ಹೋಗಲಾ?"

ಠಾಣೆಯ ವರದಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಕಾಂಗ್ ತುಸು ಯೋಚಿಸಿ ಬರೆದರು: ಆರೋಪಿಗೆ ದೂರುದಾರರು ಬದುಕಿರಬೇಕಾಗಿತ್ತು.