ಒಂದು ವಾಲ್ವಿನ ನೆಪ

"ಮುಟ್ಟಬ್ಯಾಡ್ರೀ!"

ವೀರೇಂದ್ರ ಕೂಗಿದ ರಭಸಕ್ಕೆ ಅವಳ ಕೈ ಅಲ್ಲೇ ನಿಂತಿತು. ಬೆರಳಲ್ಲಿ ಹಳೆಯ ರೇಡಿಯೋದ ಪ್ಲಗ್, ಎದುರಿಗೆ ಅವನ ರಿಪೇರಿ ಅಂಗಡಿಯ ಸ್ವಿಚ್ ಬೋರ್ಡು. ಅವಳು ತಿರುಗಿ ನೋಡಿದ ನೋಟದ ಮುಂದೆ ಸಿಂಧನೂರಿನ ಬಿಸಿಲೇ ತಂಪು ಎನಿಸಿತು.

"ಯಾಕ್ರೀ, ನಾ ಮುಟ್ಟಿದ್ರ ಏನಾಗ್ತೈತಿ?"

"ನಿಮಗಲ್ರೀ, ಅದಕ್ಕ ಆಗ್ತೈತಿ. ಬಾಳ ವರ್ಷ ಮಲಗಿದ್ದ ಸೆಟ್. ಒಮ್ಮೆಲೇ ಕರೆಂಟ್ ಕೊಟ್ರ ಒಳಗ ಕಂಡೆನ್ಸರ್ ಸಿಡೀತಾವ. ಮೊದ್ಲು ನಡುವ ಒಂದು ಬಲ್ಬ್ ಹಾಕಿ, ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಸಬೇಕು. ಗಾಜಿನ ವಾಲ್ವ್ ಬಿಸಿ ಆದ ಮ್ಯಾಲೆ ಹಾಡೋ ರೇಡಿಯೋ ಇದು, ಅವಸರ ನಡಿಯೂದಿಲ್ರೀ."

ಅವಳು ಪ್ಲಗ್ ಕೆಳಗಿಟ್ಟಳು. ಸಿಟ್ಟು ಇಳಿಯಿತು, ಪೂರ್ತಿ ಅಲ್ಲ.

"ಅದನ್ನ ಮೆತ್ತಗ ಹೇಳಬೇಕಿತ್ತು. ಮುಟ್ಟಬ್ಯಾಡ ಅನ್ನೂ ಮಾತು ನಮ್ಮ ಮಂದಿ ಬಾಳ ಕೇಳೀವಿ."

ಅದು ತಾಗಬೇಕಾದಲ್ಲಿಯೇ ತಾಗಿತು. ವೀರೇಂದ್ರನ ಅಜ್ಜನ ಮನೆಗೂ ಒಂದು ಹೊಸ್ತಿಲಿತ್ತು, ಕೆಲವು ಜಾತಿಯವರು ಅದರ ಆಚೆಯೇ ನಿಲ್ಲಬೇಕಿತ್ತು. "ತಪ್ಪಾತ್ರೀ" ಎಂದು ತಲೆ ತಗ್ಗಿಸಿದ.

ಅವಳ ಹೆಸರು ಅನುಪಮಾ. ಲಿಂಗಸುಗೂರಿನಲ್ಲಿ ವಿಜ್ಞಾನದ ಟೀಚರ್. ಅಪ್ಪ ಅಂಬಪ್ಪ ಹುಡುಗನಾಗಿದ್ದಾಗ ಸಾಲಗುಂದದಲ್ಲಿ ಒಬ್ಬ ಸಾಹುಕಾರರ ದನ ಕಾಯುತ್ತಿದ್ದನಂತೆ. ಸಂಜೆ ದನ ಕಟ್ಟಿ, ಆ ಮನೆಯ ಕಿಟಕಿಯ ಹೊರಗೆ ನಿಂತು ಈ ರೇಡಿಯೋ ಕೇಳುತ್ತಿದ್ದ. ಒಳಗೆ ಬಾ ಎಂದವರಿಲ್ಲ. ಈಚೆಗೆ ಆ ಮನೆ ಕೆಡವಿದಾಗ ಸಾಮಾನೆಲ್ಲ ಮಸ್ಕಿಯ ದಸ್ತಗೀರ್‌ಸಾಬರ ಗುಜರಿಗೆ ಹೋಗಿತ್ತು. ಸುದ್ದಿ ಕೇಳಿ ಅನುಪಮಾ ಹುಡುಕಿಕೊಂಡು ಹೋಗಿ, ರದ್ದಿ ಕಬ್ಬಿಣದ ನಡುವಿನಿಂದ ಇದನ್ನು ಎತ್ತಿಕೊಂಡು ಬಂದಿದ್ದಳು.

"ಅಪ್ಪಗ ಈಗ ಉಸಿರಿನ ತ್ರಾಸ. ಈ ರೇಡಿಯೋ ಒಮ್ಮೆ ನಮ್ಮ ಮನಿ ಒಳಗ, ತನ್ನ ಕುರ್ಚಿ ಮ್ಯಾಲೆ ಕುಂತು ಕೇಳಬೇಕಂತ. ಬ್ಯಾರೆ ಏನೂ ಕೇಳಾವಲ್ಲ."

"ಕೇಳಸ್ತೀನ್ರೀ" ಎಂದ ವೀರೇಂದ್ರ. ಆ ಹೊತ್ತಿಗೆ ಅದು ನಿಜವಾದ ಮಾತೇ ಆಗಿತ್ತು.

ಅಲ್ಲಿಂದ ರವಿವಾರ ಬಂತೆಂದರೆ ಲಿಂಗಸುಗೂರಿನ ಬಸ್ಸಿನ ಕಡೆಗೇ ಅವನ ಕಿವಿ. ಅವಳು ಬಂದವಳೇ ಸ್ಟೂಲ್ ಎಳೆದು ಕೂರುತ್ತಿದ್ದಳು.

"ಪೇಷಂಟ್ ಹೆಂಗದಾನ್ರೀ, ಡಾಕ್ಟ್ರೇ?"

"ನಾಡಿ ಸಿಕ್ಕೈತಿ. ಮಾತಿನ್ನೂ ಬಂದಿಲ್ಲ."

"ಡಾಕ್ಟ್ರೂ ಹಂಗ ಅದಾರ. ಬಾಯಿ ಬಿಟ್ರ ಕಂಡೆನ್ಸರ್, ಅದು ಬಿಟ್ರ ವಾಲ್ವ್."

ಅವನು ನಕ್ಕು, ಬೆಸುಗೆ ಹಾಕುವ ಜಾಗ ಬಿಟ್ಟು ಬೇರೆಲ್ಲೋ ಹಾಕುತ್ತಿದ್ದ. ಡಯಲ್ ಮುಳ್ಳನ್ನು ಎಳೆಯುವ ದಾರ ಕಟ್ಟುವಾಗ ಒಬ್ಬರು ಗಂಟಿನ ಮೇಲೆ ಬೆರಳಿಡಬೇಕು, ಇನ್ನೊಬ್ಬರು ಬಿಗಿಯಬೇಕು. ಅವಳು ಬೆರಳಿಟ್ಟಳು. ಅವನು ಬಿಗಿಯುವುದನ್ನೇ ಮರೆತ.

"ಕಟ್ರೀ. ಬೆರಳು ಜೋಮು ಹಿಡದೈತಿ" ಎಂದಳು. ಬೆರಳು ಮಾತ್ರ ತೆಗೆಯಲಿಲ್ಲ.

ಒಂದು ರವಿವಾರ ಅವಳು ಬರುವ ಮೊದಲೇ ರೇಡಿಯೋಕ್ಕೆ ಜೀವ ಬಂತು. ಮೊದಲು ಡಯಲ್ ದೀಪ, ಆಮೇಲೆ ಸ್ಟೇಶನ್ ಹಿಡಿದದ್ದನ್ನು ತೋರಿಸುತ್ತ ಮೆಲ್ಲನೆ ತೆರೆದ ಹಸಿರು ಕಣ್ಣು, ಕೊನೆಗೆ ಗೊಗ್ಗರು ದನಿಯ ಒಂದು ಹಾಡು. ವೀರೇಂದ್ರ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸಪ್ಪಳವಾಯಿತು.

ಇದನ್ನು ಇವತ್ತೇ ಕೊಟ್ಟುಬಿಟ್ಟರೆ ಮುಂದಿನ ವಾರ ಅವಳು ಯಾಕೆ ಬಂದಾಳು? ರೇಡಿಯೋ ಇಲ್ಲದಿದ್ದರೂ ಬನ್ನಿ ಎನ್ನಲು ಅವನಿಗೆ ಧೈರ್ಯವಿರಲಿಲ್ಲ. ಅವನ ಅಪ್ಪ ಅಮರಗುಂಡಪ್ಪನವರು ಅಕ್ಕಿ ವ್ಯಾಪಾರಿ. ಅವರ ಮುಂದೆ ಅವಳ ಹೆಸರು ಹೇಳಿದರೆ ಎರಡನೆಯ ಪ್ರಶ್ನೆಯೇ ಜಾತಿಯದು, ಯಾರ ಪೈಕಿ? ಇನ್ನೊಂದು ವಾರ ಸಿಕ್ಕರೆ ಧೈರ್ಯ ಬಂದೀತು ಎಂದುಕೊಂಡ. ಧೈರ್ಯವೇನು ಬಸ್ಸೇ, ಹೊತ್ತಿಗೆ ಸರಿಯಾಗಿ ಬಂದು ನಿಲ್ಲಲು? ಅವನ ಕೈ ತಾನಾಗಿಯೇ ಸ್ವಿಚ್ ಆರಿಸಿತು.

"ಮುಗೀತೇನ್ರೀ?"

"ಇಲ್ರೀ. ಒಂದು ವಾಲ್ವ್ ಸಿಗವಲ್ದು. ಹೈದರಾಬಾದಿಗೆ ಹೇಳೀನಿ. ಮುಂದಿನ ವಾರ ಬರ್ತೈತಿ."

ಅನುಪಮಾ ರೇಡಿಯೋದ ಹತ್ತಿರ ಬಂದು, ಅದರ ಕಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಅವನ ಕಡೆ ನೋಡಿದಳು. ತುಟಿಯ ಅಂಚಿಗೆ ಬಂದ ನಗೆಯನ್ನು ಸೆರಗಿನಿಂದ ಒರೆಸಿಕೊಂಡಳು.

"ಹಂಗಾರ ಮುಂದಿನ ವಾರ ಬರ್ತೀನಿ."

ಬಸ್ಸಿನವರೆಗೆ ಕಳಿಸಲು ಹೋದ. ಕಿಟಕಿಯಲ್ಲಿ ಅವಳ ಮುಖ ಕಂಡಾಗ ಕೇಳಿಯೇಬಿಟ್ಟ. "ವಾಲ್ವ್ ಸಿಗಲಿಲ್ಲಂದ್ರ?"

"ಸಿಗದಿದ್ರೂ ಬರ್ತೀನ್ರೀ."

ಆ ವಾರವಿಡೀ ವೀರೇಂದ್ರನ ಕಾಲು ನೆಲದ ಮೇಲಿರಲಿಲ್ಲ. ಮುಂದಿನ ರವಿವಾರ ಎಲ್ಲವನ್ನೂ ಹೇಳಿಬಿಡುವುದು, ಆಮೇಲೆ ಅಪ್ಪ ಮನೆಯಿಂದ ಹೊರಗೆ ಹಾಕಿದರೂ ಸರಿ ಎಂದು ಗಟ್ಟಿ ಮಾಡಿಕೊಂಡ.

ರವಿವಾರ ಬಂತು. ಅವಳು ಬರಲಿಲ್ಲ. ಸಂಜೆ ಮೊಬೈಲಿನಲ್ಲಿ ಅವಳದು ಒಂದೇ ಸಾಲು ಬಂತು. ಅಪ್ಪ ತೀರಿಕೊಂಡ.

ಅವಳ ಮನೆಗೆ ಬಂದುಹೋಗುವವರು ಕಡಿಮೆಯಾದ ಮೇಲೆ ವೀರೇಂದ್ರ ರೇಡಿಯೋವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಮಸ್ಕಿ ಬಂತು, ಹೋಯಿತು. ಅಲ್ಲಿ ಇಳಿದು ಓಡಿಹೋಗೋಣ ಎನಿಸಿತ್ತು, ರೇಡಿಯೋವನ್ನು ಅಪ್ಪಿ ಹಿಡಿದು ಕೂತೇ ಇದ್ದ.

ಲಿಂಗಸುಗೂರಿನ ಆ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಒಂದು ಖಾಲಿ ಕುರ್ಚಿ. ಪಕ್ಕದಲ್ಲಿ ಸಣ್ಣ ಮೇಜು. ಅದರ ಮೇಲೆ ಕಸೂತಿ ಬಟ್ಟೆ ಹಾಸಿತ್ತು. ಬಟ್ಟೆಯ ಮೇಲೆ ಏನೂ ಇರಲಿಲ್ಲ.

"ಅಪ್ಪನೇ ರೇಡಿಯೋಕ್ಕಂತ ಹಾಸಿಸಿದ್ದ" ಎಂದಳು ಅನುಪಮಾ. "ರವಿವಾರ ನಾ ಸಿಂಧನೂರಿಗೆ ಹ್ವಾದ್ರ, ಬರೂತನಕ ಬಾಗಿಲ ಕಡೆ ನೋಡ್ಕೋಂತ ಕುಂದ್ರುತಿದ್ದ."

ವೀರೇಂದ್ರನಿಗೆ ಇನ್ನು ತಡೆಯಲಾಗಲಿಲ್ಲ. "ಟೀಚರ್, ವಾಲ್ವ್ ಸುಳ್ಳು. ರೇಡಿಯೋ ಆವತ್ತೇ ಹಾಡ್ತಿತ್ತು. ನಿಮ್ಮನ್ನ ಇನ್ನೊಂದು ಸಲ ನೋಡಬೇಕಂತ..."

"ಗೊತ್ತೈತ್ರೀ."

"ಹೆಂಗ?"

"ಮುಟ್ಟಿದ್ನಲ್ಲ. ಬೆಚ್ಚಗಿತ್ತು. ವಾಲ್ವ್ ಇಲ್ದ ಬಿದ್ದ ಸೆಟ್ ಬೆಚ್ಚಗ ಯಾಕ ಇರ್ತೈತಿ? ಮಕ್ಕಳಿಗೆ ವಿಜ್ಞಾನ ಕಲಸಾಕಿ ನಾನು." ಅವಳು ನಗಲು ಹೋದಳು, ಆಗಲಿಲ್ಲ. "ಗೊತ್ತಿದ್ದೂ ಸುಮ್ಮನಾದೆ. ನನಗೂ ಇನ್ನೊಂದು ರವಿವಾರ ಬೇಕಿತ್ತು."

ಇಷ್ಟು ದಿನ ಕೇಳಲು ಕಾದಿದ್ದ ಮಾತು ಇದೇ. ಅದು ಕಿವಿಗೆ ಬಿದ್ದ ಗಳಿಗೆಯಲ್ಲಿ ವೀರೇಂದ್ರ ಅತ್ತ.

"ನಮ್ಮ ಅಪ್ಪಗ ಹೇಳತೀನಿ ಅನೂ. ಮನಿ ಬಿಟ್ಟು ಬರ್ತೀನಿ. ಈಗ ಯಾರ ಅಂಜಿಕೀನೂ ಇಲ್ಲ."

ಅವಳು ಅವನ ಕೈ ಹಿಡಿದಳು. ಮೊದಲ ಸಲ, ಯಾವ ದಾರದ ನೆಪವೂ ಇಲ್ಲದೆ.

"ನೀವಂದ್ರ ನನಗ ಜೀವಾರೀ. ಆದ್ರ ನಿಮ್ಮ ಮಾರಿ ನೋಡಿದ್ರ ಬಾಗಿಲ ಕಡೆ ನೋಡೋ ಅಪ್ಪ ಕಾಣ್ತಾನ. ಜೀವನ ಪೂರ್ತಿ ಮಂದಿ ಅವನ್ನ ಹೊರಗ ನಿಲ್ಲಿಸಿದ್ರು. ಕಡೀಕ ನಾವಿಬ್ರೂ ಕೂಡಿ ನಿಲ್ಲಿಸಿದ್ವಿ. ಅದರ ಮ್ಯಾಲೆ ಮನಿ ಹೆಂಗ ಕಟ್ಟೂದ್ರೀ?"

ವೀರೇಂದ್ರ ಖಾಲಿ ಮೇಜಿನ ಕಡೆ ನೋಡಿದ. ಅವಳು ಹಿಡಿದ ಕೈಯನ್ನು ಬಹಳ ತಡವಾಗಿ ಬಿಟ್ಟಳು.

"ಹಚ್ರೀ" ಎಂದಳು ಕೊನೆಗೆ.

ಅವನು ರೇಡಿಯೋವನ್ನು ಕಸೂತಿ ಬಟ್ಟೆಯ ಮೇಲಿಟ್ಟ. ಏರಿಯಲ್ ತಂತಿಯನ್ನು ಕಿಟಕಿಯ ಸರಳಿಗೆ ಕಟ್ಟಿದ. ಪ್ಲಗ್ ಅವಳ ಕೈಗೇ ಕೊಟ್ಟ. ದೀಪ ಹತ್ತಿತು. ವಾಲ್ವುಗಳು ಬಿಸಿಯಾಗುವವರೆಗೆ ಇಬ್ಬರೂ ಖಾಲಿ ಕುರ್ಚಿಯನ್ನು ನೋಡುತ್ತ ನಿಂತರು. ಹಸಿರು ಕಣ್ಣು ತೆರೆಯಿತು. ಎಲ್ಲಿಂದಲೋ ಒಂದು ಹೆಣ್ಣುದನಿ ಬೀಸುಕಲ್ಲಿನ ಪದ ಹಾಡತೊಡಗಿತು. ಅನುಪಮಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅದರ ಕೈಗೆ ತಲೆ ಆನಿಸಿದಳು.

"ಬರ್ತೀನ್ರೀ" ಎಂದ. ಅವಳು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದಳು.

ಹೊಸ್ತಿಲು ದಾಟಿದ. ಬಸ್ಸಿನ ಕಡೆ ಹೋಗಲಿಲ್ಲ. ಕಿಟಕಿಯ ಹೊರಗೆ, ಗೋಡೆಯ ಬದಿಗೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಿಂತು ಹಾಡು ಕೇಳಿದ.

ಒಳಗೆ ಅವಳು ರೇಡಿಯೋದ ದನಿ ಒಂದಿಷ್ಟು ಏರಿಸಿದಳು.